ಉಪ್ಪುನೀರು ಬಿದ್ದ ಪಾತಿ

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಕದಿರಪ್ಪ ಹಿತ್ತಿಲಿಗೆ ಹೋದವನೇ, ಟಮಾಟ ಸಸಿ ಎಬ್ಬಿಸುವ ಒಟ್ಲುಪಾತಿಯ ಮೇಲೆ ಕಟ್ಟಿದ್ದ ಹೊಂಗೆಸೊಪ್ಪಿನ ಚಪ್ಪರವನ್ನು ಗಳಸಮೇತ ಕಿತ್ತು ಬೇಲಿಯಾಚೆ ಎಸೆದ. ಎಮ್ಮೆ ಕರೆಯುತ್ತ ಕೂತಿದ್ದ ಅವನ ತಾಯಿ ಮುನಿನಾರಾಯಣಮ್ಮ ಅರ್ಧ ತುಂಬಿದ ಚೊಂಬನ್ನು ಹಿಡಿದುಕೊಂಡೇ ಎದ್ದು ಬಂದಳು.

"ಏನ್ಲಾ ಇದು? ಗೇಣುದ್ದ ಇಲ್ಲ ಇನ್ನೂ, ಆಗ್ಲೇ ಬಿಸ್ಲಿಗೆ ಆಕ್ತಿದೀಯಾ? ನಿನ್ನ ನಾನು ಇಂಗೇ ಸಾಕಿದ್ನಾ?"

"ನೀನು ಸಾಕಿದ್ದೇ ಜಾಸ್ತಿ ಆಯ್ತು ಕಣಮ್ಮ. ಇವತ್ತಿಂದ ನೀರೂ ಕಮ್ಮಿ. ಒಲಕ್ಕೆ ಓದ್ಮೇಲೆ ಇವುಕ್ಕೆ ಚಪ್ಪರ ಆಕೋರು ಯಾರು, ಒತ್ತೊತ್ತಿಗೆ ನೀರು ಉಯ್ಯೋರು ಯಾರು? ಬಿಸ್ಲು, ಗಾಳಿ, ಬಾಯಾರ್ಕೆ ಎಲ್ಲ ಇಲ್ಲೇ ಕಲೀಲಿ."

"ಕಲ್ಸು ಕಲ್ಸು. ನೀನು ದೊಡ್ಡ ಮೇಷ್ಟ್ರು, ಅವು ನಿನ್ನ ಸ್ಕೂಲಿನ ಮಕ್ಳು."

ಒಳಗೆ ಹಿಟ್ಟು ತೊಳಸುತ್ತಿದ್ದ ಸೊಸೆ ವೆಂಕಟರತ್ನಮ್ಮನಿಗೆ ಎಲ್ಲವೂ ಕೇಳಿಸಿತು. ಬೇರೆ ದಿನವಾಗಿದ್ದರೆ ಅತ್ತೆಯ ಮಾತಿಗೆ ತಾನೂ ಒಂದು ಸೇರಿಸುತ್ತಿದ್ದಳು. ಈ ಪಾತಿಯ ವಿಷಯಕ್ಕೆ ಮಾತ್ರ ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಕದಿರಪ್ಪ ಮೊನ್ನೆ ಮೊನ್ನೆಯವರೆಗೂ ಚಿನ್ನದ ಗಣಿಯಲ್ಲಿ ಒಳಗಡೆ ಕೆಲಸದವನು. ರತ್ನಮ್ಮ ಹುಟ್ಟಿ ಬೆಳೆದದ್ದೇ ನಂದಿದುರ್ಗ ಗಣಿಯ ಲೈನುಮನೆಯಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ನು ಕೂಗಿದರೆ ಹೆಂಗಸರೆಲ್ಲ ಅನ್ನವನ್ನು ಒಲೆಯ ಮೇಲೆಯೇ ಬಿಟ್ಟು ಗಣಿಯ ಬಾಯಿಗೆ ಓಡುವುದನ್ನು ಅವಳು ಅಮ್ಮನ ಸೊಂಟದ ಮೇಲೆ ಕೂತು ನೋಡಿದ್ದಳು. ಮದುವೆಯಾದ ಮೇಲೆ ತಾನೇ ಓಡಿದ್ದಳು. ಹೋದ ಮಳೆಗಾಲಕ್ಕೆ ಕದಿರಪ್ಪನ ಮೈ ಒಳಗಿನ ಕಾವಿಗೆ ಸೋತಿತು. ಒಣಕೆಮ್ಮು ಹತ್ತಿತು. ಹೆಂಡತಿ, ಎರಡು ಮಕ್ಕಳನ್ನು ಕಟ್ಟಿಕೊಂಡು ಬೇತಮಂಗಲದ ಪಕ್ಕದ ತನ್ನೂರಿಗೆ ಬಂದುಬಿಟ್ಟ. ಗಣಿಯೂರಿನ ಸಂತೆಯಲ್ಲಿ ಟಮಾಟಕ್ಕೆ ಗಿರಾಕಿ ಇದ್ದಾರೆ, ರಾಗಿಯ ಜೊತೆ ಅದನ್ನೂ ಬೆಳೆಯೋಣ ಎಂದು ಹೊರಟ.

ಕಾರ್ತೀಕದಲ್ಲಿ ಹಾಕಿದ ಮೊದಲ ಪೈರನ್ನು ಮನೆಯವರೆಲ್ಲ ಸೇರಿ ಮುದ್ದು ಮಾಡಿದರು. ದಟ್ಟ ನೆರಳು, ಎರಡು ಹೊತ್ತೂ ನೀರು. ಪೈರು ನೋಡುನೋಡುತ್ತಾ ಸೊಗಸಾಗಿ ಉದ್ದಕ್ಕೆ ಬೆಳೆಯಿತು. ಹೊಲಕ್ಕೆ ನೆಟ್ಟ ಮಾರನೆಯ ದಿನವೇ ಒದ್ದೆ ಬತ್ತಿಗಳ ಹಾಗೆ ನೆಲಕ್ಕೆ ಒರಗಿತು. ಒಂದೂ ಏಳಲಿಲ್ಲ.

ಅವತ್ತು ಊಟಕ್ಕೆ ಕೂತಾಗ ಮಾವ ಚಿಕ್ಕಮುನಿಯಪ್ಪ ತಟ್ಟೆಯಿಂದ ಕಣ್ಣೆತ್ತದೆ ಹೇಳಿದ್ದ: "ಇನ್ನೊಂದ್ಸಲ ನೋಡು. ಪೈರು ಒಲ್ದಾಗೆ ನಿಂತ್ರೆ ನೀನೂ ಇಲ್ಲೇ ನಿಲ್ಲು. ಬಿದ್ರೆ ಸಿವರಾತ್ರಿ ಆದೇಟ್ಗೆ ಗಣಿಗೆ ನಡಿ. ಈ ರಾಗಿಗೆ ಆರು ಬಾಯಿ ತುಂಬಲ್ಲ." ಗಣಿಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಆರುಮುಗಂ, ಅಲ್ಲಿನ ಮೇಸ್ತ್ರಿಗೆ ಹೇಳಿ, ಶಿವರಾತ್ರಿಯವರೆಗೆ ಕದಿರಪ್ಪನ ಜಾಗವನ್ನು ಹಿಡಿಸಿಟ್ಟಿದ್ದ.

ಹೀಗಾಗಿ ಚಪ್ಪರ ಕಿತ್ತ ದಿನದಿಂದ ರತ್ನಮ್ಮ ಯಾವ ಕೆಲಸದಲ್ಲಿದ್ದರೂ ಕಣ್ಣು ಹಿತ್ತಿಲಿನ ಕಡೆಗೇ. ಮಧ್ಯಾಹ್ನವಾಯಿತೆಂದರೆ ಎಳೆ ಎಲೆಗಳು ಮುದುಡಿ ಜೋತುಬೀಳುತ್ತಿದ್ದವು. ಸಂಜೆಗೆ ಮತ್ತೆ ಮೆಲ್ಲಗೆ ತಲೆ ಎತ್ತುತ್ತಿದ್ದವು. ಎತ್ತುವವರೆಗೆ ಅವಳಿಗೆ ಹಿಡಿದ ಕೆಲಸ ಕೈಗೆ ಹತ್ತುತ್ತಿರಲಿಲ್ಲ. ಮುನಿನಾರಾಯಣಮ್ಮನಿಗಂತೂ ನೋಡಲಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಸೆರಗಿನಡಿ ಏನೋ ಮುಚ್ಚಿಕೊಂಡು ಬಾಗಿಲು ದಾಟುತ್ತಿದ್ದವಳನ್ನು ಸೊಸೆ ತಡೆದಳು.

"ಅತ್ತಮ್ಮ, ಏನದು?"

"ಕಲಗಚ್ಚು. ಎಮ್ಮೆಗೆ."

"ಎಮ್ಮೆ ಆ ಕಡೆ ಐತಲ್ಲ."

"ಐತೆ, ಕಂಡಿದೀನಿ! ಅಕ್ಕಿ ತೊಳೆದ ಎರಡು ಗುಕ್ಕು ನೀರು ಕಣೇ. ಅದಕ್ಕೂ ನಿನ್ನ ಅಪ್ಪಣೆ ಬೇಕಾ? ನಮ್ಮ ಕೆರೆ ನೀರನ್ನ ಪೈಪಿನಾಗೆ ಎಳ್ಕೊಂಡು ನಲ್ಲೀಲಿ ಕುಡಿದು ಬೆಳೆದ ಲೈನುಮನೆಯೋಳು ನೀನು. ನನಗೆ ನೀರಿನ ಲೆಕ್ಕ ಏಳ್ತೀಯಾ?"

"ನಾನೇಳ್ತಿಲ್ಲ, ನಿಮ್ಮ ಮಗ ಏಳಿರೋದು. ಸಂಜೆ ಬಂದು ಮಣ್ಣು ಮುಟ್ಟಿ ನೋಡ್ತಾನೆ. ಒದ್ದೆ ಇದ್ರೆ ಬೈಸ್ಕೊಳ್ಳೋಳು ನಾನು."

ಮುನಿನಾರಾಯಣಮ್ಮ ಆ ನೀರನ್ನು ಎಮ್ಮೆಯ ಮುಂದೆ ಸುರಿದು, ಸಂಜೆಯವರೆಗೂ ಎಮ್ಮೆಯ ಜೊತೆಯಲ್ಲೇ ಮಾತಾಡಿದಳು.

ಆ ವಾರವೇ ಬೀದಿಯ ಕೊನೆಮನೆಯ ಮಂಗಮ್ಮ ಮಜ್ಜಿಗೆಗೆ ಬಂದಳು. ಮಜ್ಜಿಗೆ ತೆಗೆದುಕೊಂಡವಳು ಸುಮ್ಮನೆ ಹೋಗದೆ ಹಿತ್ತಿಲಿಗೆ ಬಗ್ಗಿ ನೋಡಿ, "ಅಯ್ಯಯ್ಯೋ, ಎಂಥಾ ಪೈರು ಮುನಿನಾರಾಯಣಕ್ಕಾ! ನಮ್ಮನ್ಯಾಗೂ ಬದನೆ ಒಟ್ಲು ಆಕಿದ್ವಿ, ಇಂಗೆ ಒಂದೂ ಬರ್ಲಿಲ್ಲ ನೋಡು" ಎಂದಳು. ಅವಳು ಹೋದ ಮೇಲೆ ಬಿಸಿಗಾಳಿ ಎದ್ದಿತು. ಸಂಜೆಗೆ ತಲೆ ಎತ್ತಬೇಕಾಗಿದ್ದ ಪೈರು ಎತ್ತಲಿಲ್ಲ.

"ನೋಡ್ದಾ? ಚಪ್ಪರ ಇದ್ದಿದ್ರೆ ಅವಳ ಕಣ್ಣಿಗೆ ಬೀಳ್ತಿತ್ತಾ?" ಎಂದು ಮುನಿನಾರಾಯಣಮ್ಮ ಎದೆ ಬಡಿದುಕೊಂಡಳು. ಕಲ್ಲುಪ್ಪಿನ ಮಡಕೆಗೆ ಕೈ ಹಾಕಿ ಹಿಡಿ ತುಂಬ ಉಪ್ಪು ತೆಗೆದಳು. ಪಾತಿಯ ಸುತ್ತ ಬಂದು, ಮಂಗಮ್ಮನ ಕಣ್ಣು, ನಾಯಿ ಕಣ್ಣು, ನರಿ ಕಣ್ಣು ಎಂದು ಬಾಯಲ್ಲೇ ಅಂದುಕೊಳ್ಳುತ್ತ ನಿವಾಳಿಸಿ, ಉಪ್ಪನ್ನು ನೀರಿಗೆ ಹಾಕಿದಳು. ಮಗುವಿಗೆ ದೃಷ್ಟಿ ತೆಗೆದರೆ ಒಂದು ಚೊಂಬು ನೀರು ಸಾಕು. ಇಷ್ಟೊಂದು ಪೈರಿಗೆ ಚೊಂಬು ಯಾವ ಮೂಲೆಗೆ ಎಂದು ಬಿಂದಿಗೆ ತುಂಬ ನೀರಿಟ್ಟಿದ್ದಳು. ಉಪ್ಪು ಕರಗಿದರೆ ದೃಷ್ಟಿಯೂ ಕರಗಿತು. ಆಮೇಲೆ ಆ ನೀರನ್ನು ಮೂರು ದಾರಿ ಕೂಡುವ ಕಡೆ, ಯಾರೂ ತುಳಿಯದ ಹಾಗೆ ಚೆಲ್ಲಿ ಬರಬೇಕು. ಕರಗಲಿ ಎಂದು ಬಿಂದಿಗೆಯನ್ನು ಪಾತಿಯ ಪಕ್ಕದಲ್ಲೇ ಇಟ್ಟು ಎಮ್ಮೆ ಕರೆಯಲು ಹೋದಳು.

ಅಷ್ಟರಲ್ಲಿ ಗದ್ದೆಬದುವಿನಿಂದ ಹುಲ್ಲು ಹೊತ್ತು ಬಂದ ಕದಿರಪ್ಪ ಪೈರನ್ನು ನೋಡಿ, "ಇವತ್ತು ಒಂಚೂರು ಉಯ್ದುಬಿಡು. ಮೇಲೆಮೇಲೆ, ತೂತು ಡಬ್ಬದಾಗೆ" ಎಂದು ಹೆಂಡತಿಗೆ ಕೂಗಿ ಹೇಳಿ ದನದ ಕೊಟ್ಟಿಗೆಗೆ ಹೋದ. ರತ್ನಮ್ಮ ಓಡಿ ಬಂದಳು. ಪಾತಿಯ ಪಕ್ಕದಲ್ಲೇ ತುಂಬಿದ ಬಿಂದಿಗೆ ಸಿದ್ಧವಾಗಿತ್ತು. ಅತ್ತೆಗೇ ಬುದ್ಧಿ ಬಂದು ತಂದಿಟ್ಟಿದ್ದಾಳೆ ಎಂದುಕೊಂಡು, ತಳಕ್ಕೆ ಮೊಳೆಯಲ್ಲಿ ತೂತು ಹೊಡೆದ ಸೀಮೆಎಣ್ಣೆ ಡಬ್ಬಕ್ಕೆ ಅದನ್ನೇ ಬಗ್ಗಿಸಿ ಬಗ್ಗಿಸಿ ಆಡಿಸಿದಳು. ಪಾತಿಯ ಅರ್ಧಕ್ಕೆ ಬರುವಷ್ಟರಲ್ಲಿ ಬಿಂದಿಗೆ ಖಾಲಿಯಾಯಿತು.

ಚೊಂಬು ಹಿಡಿದು ಬಂದ ಮುನಿನಾರಾಯಣಮ್ಮ ಬಿಂದಿಗೆ ನೋಡಿದಳು, ಪಾತಿ ನೋಡಿದಳು.

"ಆ ನೀರೆಲ್ಲೇ?"

"ಉಯ್ದೆ."

"ಎಲ್ಲಿಗೆ ಉಯ್ದೆ?"

"ಇನ್ನೆಲ್ಲಿಗೆ ಅತ್ತಮ್ಮ, ಪೈರಿಗೆ."

"ಮಾರಾಯ್ತಿ, ಅದು ಉಪ್ಪುನೀರು ಕಣೇ! ದೃಷ್ಟಿ ತೆಗೆದ ನೀರು!"

ರತ್ನಮ್ಮ ಡಬ್ಬದ ತಳಕ್ಕೆ ಬೆರಳು ಹಚ್ಚಿ ನಾಲಿಗೆಗೆ ಮುಟ್ಟಿಸಿದಳು. ಸಾರಿಗೆ ಹಾಕುವಷ್ಟು ಉಪ್ಪು. ಡಬ್ಬ ಬಿಟ್ಟು ಅಲ್ಲೇ ಕುಕ್ಕರಿಸಿದಳು.

"ತೊಳೆದುಬಿಡಾಣ. ನಾಲ್ಕು ಬಿಂದಿಗೆ ಸಿಹಿನೀರು ತಂದು ಉಯ್ದುಬಿಡಾಣ" ಎಂದಳು ಅತ್ತೆ.

"ಅಷ್ಟು ಉಯ್ದ್ರೆ ಇಷ್ಟು ದಿನ ನೀರು ಬಿಗಿ ಇಡಿದಿದ್ದು ಎಲ್ಲ ನೀರಿನಾಗೇ ಓಯ್ತದೆ. ಅವ್ನು ನೋಡಿದ್ರೆ ಏನಂತೀವಿ?"

ಕೊಟ್ಟಿಗೆಯಿಂದ ಕದಿರಪ್ಪನ ಕೆಮ್ಮು ಕೇಳಿಸಿತು. ಮುನಿನಾರಾಯಣಮ್ಮ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿ, "ಅವ್ನಿಗೆ ಏನೂ ಏಳ್ಬ್ಯಾಡ. ನಿಮ್ಮಾವನಿಗಂತೂ ಏಳ್ಲೇಬ್ಯಾಡ. ಏನಾಯ್ತದೋ ನೋಡಾಣ" ಎಂದು ಒಳಗೆ ಎಳೆದುಕೊಂಡು ಹೋದಳು. ಆ ಮನೆಗೆ ಬಂದ ಮೇಲೆ ಅತ್ತೆ ಅವಳ ಕೈ ಹಿಡಿದದ್ದು ಅದೇ ಮೊದಲು.

ಮುಂದಿನ ದಿನಗಳಲ್ಲಿ ಇಬ್ಬರೂ ಜಗುಲಿಯಲ್ಲಿ ಎದುರುಬದುರು ಕೂತು ಅವರೆಕಾಳು ಹಿತುಕುತ್ತ ಪಿಸುಗುಟ್ಟುವುದನ್ನು ಕಂಡು ಚಿಕ್ಕಮುನಿಯಪ್ಪನಿಗೆ ಆಶ್ಚರ್ಯವೋ ಆಶ್ಚರ್ಯ. "ಏನಮ್ಮ, ಇಬ್ರೂ ಸೇರಿ ನನ್ನ ಮನೆಯಿಂದ ಓಡಿಸ್ತೀರಾ ಎಂಗೆ?" ಎಂದು ಕೇಳಿದ. ಇಬ್ಬರೂ ಒಟ್ಟಿಗೆ ತಲೆ ತಗ್ಗಿಸಿ ಹಿತುಕಿದರು.

ಪೈರು ಸಾಯಲಿಲ್ಲ. ಆದರೆ ಉಪ್ಪು ಬಿದ್ದ ಅರ್ಧ ಬೆಳೆಯುವುದನ್ನೇ ನಿಲ್ಲಿಸಿಬಿಟ್ಟಿತು. ಎಲೆಯ ಅಂಚು ಸುಟ್ಟಂತಾಗಿ, ಬಣ್ಣ ಕಪ್ಪಾಗಿ, ಕಡ್ಡಿ ನೇರಳೆಗೆ ತಿರುಗಿ ಕುಳ್ಳಗೆ ನಿಂತಿತು. ಉಳಿದರ್ಧ ಅದಕ್ಕಿಂತ ಎರಡು ಬೆರಳು ಎತ್ತರ, ಹಸಿರು ಹಸಿರು. ಕದಿರಪ್ಪ ಬೆಳಿಗ್ಗೆ ಸಂಜೆ ಅದರ ಮುಂದೆ ಕೂತು ತಲೆ ಕೆರೆದುಕೊಳ್ಳುತ್ತಿದ್ದ.

ಭಾನುವಾರ ಆರುಮುಗಂ ಬಂದ. ಬಂದವನು ಮಕ್ಕಳಿಗೆ ಬನ್ನು ಕೊಟ್ಟು, ಕಾಲು ತೊಳೆದು ಊಟಕ್ಕೆ ಕೂತ. ಹಿತಕಿದ ಬೇಳೆ ಸಾರಿಗೆ ಮುದ್ದೆ ಅದ್ದಿ, "ತಂಗಚ್ಚಿ, ಈ ಸಾರಿಗೋಸ್ಕರ ವಾರವಾರ ಬರಬೌದು" ಎಂದ, ತನ್ನ ತಮಿಳು ಬೆರೆತ ಕನ್ನಡದಲ್ಲಿ. ಆಮೇಲೆ ಕದಿರಪ್ಪನ ಕಡೆ ತಿರುಗಿದ. "ಎನ್ನಪ್ಪಾ ಕದಿರಾ, ಮೇಸ್ತ್ರಿ ದಿನಾ ಕೇಳ್ತಾನೆ. ಶಿವರಾತ್ರಿವರೆಗೂ ನಾನು ಏನಾದ್ರೂ ಹೇಳಿ ನಿಲ್ಲಿಸ್ತೀನಿ. ಅಪ್ಪುರಂ, ಅದಾದ್ಮೇಲೆ, ನನ್ನ ಕೈಲಿಲ್ಲ ಪಾ."

ಕದಿರಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ಅರ್ಧ ಪಾತಿಗೆ ಎಂಥದೋ ರೋಗ ಬಡಿದೈತೆ. ಉಳಿದಿದ್ರಾಗೆ ಅರ್ಧ ಒಲ ತುಂಬಲ್ಲ. ಸುಮ್ನೆ ಯಾಕೆ, ಶಿವರಾತ್ರಿಗಂತ ಕಾಯೋದು ಬ್ಯಾಡ. ಬಂದ್ಬಿಡ್ತೀನಿ."

ಸಾರಿನ ಪಾತ್ರೆ ಹಿಡಿದು ನಿಂತಿದ್ದ ರತ್ನಮ್ಮನ ಬಾಯಿಂದ ಮಾತು ತಾನಾಗಿ ಬಿತ್ತು. "ರೋಗ ಅಲ್ಲ. ಉಪ್ಪು. ನಾನೇ ಉಯ್ದಿದ್ದು."

"ಅವಳೇನು ಉಯ್ಯೋದು!" ಎಂದು ಒಳಗಿಂದ ಮುನಿನಾರಾಯಣಮ್ಮ ಈಚೆ ಬಂದಳು. "ನೀರಿಗೆ ಉಪ್ಪು ಆಕಿದ್ದು ನಾನು, ಬಿಂದಿಗೆ ಅಲ್ಲಿಟ್ಟಿದ್ದು ನಾನು."

"ನೋಡ್ದೆ ಉಯ್ದಿದ್ದು ನಾನಲ್ವಾ ಅತ್ತಮ್ಮ?"

"ಬಾಯ್ಮುಚ್ಚೇ. ಬಿಂದಿಗೆಗೆ ಮೂತಿ ಐತಾ, ನಾನು ಉಪ್ಪುನೀರು ಅಂತ ಏಳೋಕೆ?"

ಚಿಕ್ಕಮುನಿಯಪ್ಪ ಇಬ್ಬರನ್ನೂ ನೋಡಿದ. "ಪೈರಿಗೆ ಉಪ್ಪಿನಕಾಯಿ ಆಕಕ್ಕೆ ಓಗಿದ್ರಾ? ಇದಕ್ಕಾ ಇಷ್ಟು ದಿನ ಗುಸುಗುಸು? ಒಂದು ಮನೇಲಿ ಎರಡು ಎಂಗಸ್ರು ಜಗಳ ಆಡಿದ್ರೇ ವಾಸಿ, ಒಂದಾದ್ರೆ ಒಲಾನೇ ಓಯ್ತದೆ!" ಎಂದು ಕೈ ತೊಳೆದು ಎದ್ದುಬಿಟ್ಟ. ಆರುಮುಗಂ ನಗಲೂ ಆಗದೆ ಬಿಡಲೂ ಆಗದೆ ಕೆಮ್ಮಿದ. ಕದಿರಪ್ಪ ಹೆಂಡತಿಯ ಮುಖ ನೋಡಲಿಲ್ಲ.

ಮುದುಕ ನೇರ ಹಿತ್ತಿಲಿಗೆ ಹೋಗಿ ಕುಳ್ಳ ಪೈರೊಂದನ್ನು ಕಿತ್ತು, ಮಣ್ಣು ಕೊಡವಿ, ಬೇರನ್ನು ಉಗುರಿನಲ್ಲಿ ಗೀರಿದ. "ಬಿಳೀಗೈತೆ. ಜೀವ ಓಗಿಲ್ಲ" ಎಂದು ಮಗನಿಗೆ ಕೂಗಿದ. "ಆಕಿದ್ದು ಆಗೋಯ್ತು, ನಾಟಿ ಮಾಡು. ಚೆನ್ನಾಗಿರೋವು ಬಾವಿ ಕಡೆಗಿರ್ಲಿ. ಇವುನ್ನ ಬೇವಿನ ಮರದ ಮೂಲೆಗೆ ಆಕು. ನೀರು ಕೊನೆಗೆ ಎಟಕೋ ಜಾಗ. ಸತ್ರೆ ಅಲ್ಲೇ ಸಾಯ್ಲಿ."

ನಾಟಿಯ ದಿನ ಕದಿರಪ್ಪ ಸಾಲು ತೋರಿಸಿದ, ರತ್ನಮ್ಮ ನೆಟ್ಟಳು. ಒಂದು ಮಾತಿಲ್ಲ. ಮನೆಯಲ್ಲೂ ಅಷ್ಟೇ. ಮುದ್ದೆ ಸಾಕೋ ಬೇಕೋ ಎಂದು ಮಕ್ಕಳ ಬಾಯಲ್ಲಿ ಕೇಳಿಸಬೇಕಾಗಿತ್ತು. ಅವನ ಹಳೆಯ ಗಣಿ ಬೂಟುಗಳು ಅಟ್ಟದಿಂದ ಇಳಿದು ಬಾಗಿಲ ಹಿಂದೆ ಕೂತಿದ್ದವು. ಗುಡಿಸುವಾಗ ಅವಳು ಅವನ್ನು ಮುಟ್ಟದೆ ಸುತ್ತಲೂ ಗುಡಿಸಿದಳು.

ಬಾವಿ ದಾಯಾದಿಗಳ ಜೊತೆ ಪಾಲಿನದು. ಎತ್ತು ಕಟ್ಟಿ ಕಪಿಲೆ ಹೊಡೆಯಲು ಸರದಿ ಬರಬೇಕು. ನೆಟ್ಟ ದಿನ ನೀರು ಹಾಯಿತು. ಮುಂದಿನ ಸರದಿಗೆ ಎತ್ತು ಎರಡು ಸುತ್ತು ಇಳಿದು ಹತ್ತುವಷ್ಟರಲ್ಲಿ ಕಪಿಲೆಯ ತೊಗಲಿನ ಚೀಲ ಬಾವಿಯ ಕಲ್ಲಿಗೆ ಸಿಕ್ಕಿ ಉದ್ದಕ್ಕೆ ಸೀಳಿತು. ಹೊಲಿಸೋಣವೆಂದು ಕದಿರಪ್ಪ ಬೇತಮಂಗಲಕ್ಕೆ ಹೊತ್ತುಕೊಂಡು ಹೋದರೆ, ಹೊಲಿಯುವವನು ಮಗಳ ಮನೆಗೆ ಹೋಗಿದ್ದ. ಬಿಸಿಲು ಏರುತ್ತಲೇ ಇತ್ತು.

ಅತ್ತೆ ಸೊಸೆ ಬಿಂದಿಗೆ ಹಿಡಿದರು. ಬಾವಿಯ ಮೆಟ್ಟಿಲು ಇಳಿದು, ತುಂಬಿ, ಸೊಂಟಕ್ಕೇರಿಸಿ, ಬುಡಬುಡಕ್ಕೆ ಒಂದೊಂದು ಬೊಗಸೆ.

"ನಿಮ್ಮ ಲೈನಿನಾಗೆ ನಲ್ಲಿ ತಿರುವಿದ್ರೆ ಸಾಕಾಗಿತ್ತು, ಅಲ್ವೇನಮ್ಮಿ?" ಎಂದಳು ಮುನಿನಾರಾಯಣಮ್ಮ ಏದುಸಿರಿನಲ್ಲಿ.

"ಅಲ್ಲೂ ಜಗಳಾನೇ ಅತ್ತಮ್ಮ. ಬಿಂದಿಗೆ ಸಾಲಿನಾಗೆ ನನ್ನ ಬಿಂದಿಗೆ ಯಾರಾದ್ರೂ ಇಂದಕ್ಕೆ ತಳ್ಳಿದ್ರೆ ಜುಟ್ಟು ಇಡೀತಿದ್ದೆ."

"ಇಡೀತೀಯ, ಇಡೀತೀಯ. ನನಗೇನು ಗೊತ್ತಿಲ್ವಾ. ಆ ಬದಿ ಎರಡು ಬುಡ ಬಿಟ್ಟೆ ನೋಡು."

ಇಬ್ಬರ ಸೊಂಟಕ್ಕೂ ಬಾವಿಯ ಕಡೆಯ ಸಾಲುಗಳನ್ನು ಮುಗಿಸುವುದೇ ದೊಡ್ಡದಾಯಿತು. ಬೇವಿನ ಮೂಲೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ನೀರುಂಡ ಸಾಲುಗಳು ಮಧ್ಯಾಹ್ನ ಬಾಡಿ, ಸಂಜೆಗೆ ಚೇತರಿಸಿಕೊಂಡು, ಅಲ್ಲೊಂದು ಇಲ್ಲೊಂದು ಹೋದರೂ ಹೇಗೋ ಹಿಡಿದುಕೊಂಡವು.

ಚೀಲ ಹೊಲಿಸಿಕೊಂಡು ಬಂದ ದಿನ ಅಪ್ಪ ಮಗ ಎತ್ತು ಕಟ್ಟುತ್ತಿದ್ದರು. ಸಾರಿಗೆ ಬೆರಕೆಸೊಪ್ಪು ಕೀಳುತ್ತ ಬದುವಿನ ಉದ್ದಕ್ಕೆ ಹೋದ ರತ್ನಮ್ಮ ಬೇವಿನ ಮರದ ಹತ್ತಿರ ತಲೆ ಎತ್ತಿದಳು. ಸತ್ತ ಕಡ್ಡಿಗಳನ್ನು ನೋಡಬೇಕಾಗುತ್ತದೆಂದು ಇಷ್ಟು ದಿನ ಅವಳು ಆ ಕಡೆ ಬಂದಿರಲಿಲ್ಲ. ನೆಲ ಬಿರುಕು ಬಿಟ್ಟಿತ್ತು. ಬಿರುಕುಗಳ ನಡುವೆ ಕುಳ್ಳ ಪೈರು ಸಾಲಿಗೆ ಸಾಲೇ ನೆಟ್ಟಗೆ ನಿಂತಿತ್ತು. ನೆತ್ತಿಯ ಮೇಲೆ ಬಿಸಿಲಿದ್ದರೂ ಒಂದೆಲೆ ಜೋತಿರಲಿಲ್ಲ. ಬಗ್ಗಿ ನೋಡಿದರೆ ಸುಟ್ಟ ಎಲೆಗಳ ನಡುವಿನಿಂದ ಹೊಸ ಕುಡಿ ಒಡೆದಿತ್ತು.

ಮಡಿಲ ಸೊಪ್ಪು ಚೆಲ್ಲಿದ್ದೂ ತಿಳಿಯದೆ ಅವಳು ಕೂಗಿದಳು. "ಅತ್ತಮ್ಮಾ! ಬನ್ನಿ ಇಲ್ಲಿ! ಮಾವನ್ನೂ ಕರೀರಿ!"

ಹಾವು ಕಚ್ಚಿತೇನೋ ಎಂದು ಎಲ್ಲರೂ ಓಡಿ ಬಂದರು. ಬಂದವರು ನಿಂತು ನೋಡಿದರು. ಮೊದಲು ಮುನಿನಾರಾಯಣಮ್ಮನಿಗೆ ಧ್ವನಿ ಬಂತು.

"ಕಂಡ್ರಾ? ಮಂಗಮ್ಮನ ದೃಷ್ಟಿ ಉಪ್ಪಿನಾಗೆ ಕರಗೋಯ್ತು. ನಾನು ತೆಗೆದಿದ್ದು ಅಂದ್ರೆ ಸುಮ್ನೆನಾ?"

"ಉಪ್ಪೂ ಇಲ್ಲ ಸಪ್ಪೂ ಇಲ್ಲ. ನೀರು ಬಿಗಿ ಇಡಿದು ಬಿಸ್ಲಿಗೆ ಬಿಟ್ಟಿದ್ಕೆ ಕಣಮ್ಮ ಇದು" ಎಂದ ಕದಿರಪ್ಪ.

"ಅಂಗಾದ್ರೆ ಆ ಅರ್ಧಾನೂ ಬಿಸ್ಲಾಗೇ ಇತ್ತಲ್ಲ, ಅದ್ಯಾಕೆ ನಮ್ಮ ಸೊಂಟ ಮುರೀತು?"

ಕದಿರಪ್ಪ ಒಂದು ಬುಡದ ಮಣ್ಣು ಕೆದಕಿ ನೋಡಿದ. ಚಿಕ್ಕಮುನಿಯಪ್ಪ, ಈ ಮೂಲೆಯಲ್ಲಿ ತನ್ನಪ್ಪ ಕುರಿಮಂದೆ ನಿಲ್ಲಿಸುತ್ತಿದ್ದ, ಎಲ್ಲ ಮಣ್ಣಿನ ಗುಣ ಎಂದ. ಮೂವರೂ ಜೋರುಜೋರಾಗಿ ವಾದ ಹಾಕುತ್ತಿರುವಾಗ ರತ್ನಮ್ಮ ಸೆರಗಿನ ತುದಿ ಹಿಡಿದು ಮಾವನನ್ನು ಕೇಳಿದಳು:

"ಅಂಗಾದ್ರೆ... ನಿಂತಂಗೇ ತಾನೆ ಮಾವ?"

ಮುದುಕ ಅವಳನ್ನೊಮ್ಮೆ, ಪೈರನ್ನೊಮ್ಮೆ ನೋಡಿದ. "ನಿಂತೈತೆ ಕಣಮ್ಮ. ನಾನು ಮಾತು ತಪ್ಪಲ್ಲ. ಇನ್ನು ಅವನಿಷ್ಟ."

ಅವನಿಷ್ಟ ಎಂದದ್ದೇ ಅವಳ ಎದೆಯಲ್ಲಿ ಮುಳ್ಳಾಯಿತು. ನಿಂತದ್ದು ಪೈರು ಮಾತ್ರ. ಕಾಯಿ ಬಿಟ್ಟು, ಹಣ್ಣಾಗಿ, ಸಂತೆಗೆ ಹೋಗಲು ಇನ್ನೂ ದಿನ ಹಿಡಿಯುತ್ತದೆ. ಗಣಿಯ ಸಂಬಳಕ್ಕೆ ಮಳೆ ಬಿಸಿಲಿಲ್ಲ. ಅವತ್ತಿನಿಂದ ಕದಿರಪ್ಪ ಮಾತಾಡತೊಡಗಿದ. ಸಾರು ಚೆನ್ನಾಗಿದೆ ಎಂದ, ಮಗಳಿಗೆ ಜಡೆ ಸೊಟ್ಟಗಾಗಿದೆ ಎಂದ. ಗಣಿಯ ಮಾತು ಮಾತ್ರ ಎತ್ತಲಿಲ್ಲ. ಅವಳಿಗೂ ಕೇಳಲು ಧೈರ್ಯ ಬರಲಿಲ್ಲ.

ಶಿವರಾತ್ರಿಗೆ ಮುಂಚಿನ ಸೋಮವಾರ ಆರುಮುಗಂ ಉತ್ತರಕ್ಕೆಂದು ಬಂದ. ಮಜ್ಜಿಗೆ ಕುಡಿದ, ಹೊಲ ನೋಡಿದ, "ಪರವಾಗಿಲ್ಲಯೇ!" ಎಂದು ಬೆರಗಾದ. ಆಮೇಲೆ, "ಸರಿ, ಮೇಸ್ತ್ರಿಗೆ ಏನು ಹೇಳಲಿ?" ಎಂದ. ಕದಿರಪ್ಪ ಒಳಗೆ ಹೋಗಿ, ಊರಿಗೆ ಹೋಗುವಾಗ ಹಾಕುವ ಬಿಳಿ ಅಂಗಿ ತೊಟ್ಟು, ಟವೆಲು ಹೆಗಲಿಗೆ ಹಾಕಿ, "ಬಾ, ದಾರೀಲಿ ಮಾತಾಡಾಣ" ಎಂದು ಅವನ ಜೊತೆ ಬೇತಮಂಗಲದ ದಾರಿ ಹಿಡಿದ.

ರತ್ನಮ್ಮ ಮನೆ ಗುಡಿಸಿದಳು. ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ಮಕ್ಕಳಿಗೆ ಉಣ್ಣಿಸಿದಳು. "ನೀನೂ ಒಂದು ತುತ್ತು ಉಣ್ಣಮ್ಮಿ" ಎಂದಳು ಅತ್ತೆ. ಹಸಿವಿಲ್ಲ ಎಂದಳು. ಕೋಲಾರಮ್ಮನಿಗೊಂದು, ಊರ ಮುಂದಿನ ಮುನೇಶ್ವರನಿಗೊಂದು ಹರಕೆ ಕಟ್ಟಿಕೊಂಡಳು.

"ಅವನು ಮಾತಾಡಕ್ಕೆ ಓಗವ್ನೆ, ಗಣಿ ಒಳಕ್ಕಲ್ಲ. ಕೂತ್ಕೋ" ಎಂದ ಮುದುಕ ಜಗುಲಿಯಿಂದ. ಆದರೆ ಅವನೂ ದಾರಿಯ ಕಡೆಯೇ ನೋಡುತ್ತಿದ್ದ.

ಗಣಿಯೂರಿನ ಬಸ್ಸು ಹಾರನ್ನು ಹೊಡೆದುಕೊಂಡು ಹೋದದ್ದು ದೂರದಿಂದ ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ದನ ಮನೆಗೆ ಬಂದವು. ಅವುಗಳ ಹಿಂದೆ ಧೂಳಿನಲ್ಲಿ ಬಿಳಿ ಅಂಗಿ ಕಾಣಿಸಿತು. ಕದಿರಪ್ಪ ಕೈಯನ್ನು ಮೈಯಿಂದ ದೂರ ಹಿಡಿದು ನಡೆಯುತ್ತಿದ್ದ. ಹಗ್ಗಕ್ಕೆ ಪೋಣಿಸಿದ ಎರಡು ಕೊರಮೀನು ಒದೆಯುತ್ತಿದ್ದವು.

ಮುನಿನಾರಾಯಣಮ್ಮ ಬಾಗಿಲಲ್ಲೇ ಕೈ ಅಡ್ಡ ಹಿಡಿದಳು. "ಸೋಮವಾರ ಕಣ್ಲಾ ಇವತ್ತು! ಒಳಗೆ ತಂದ್ರೆ ನೋಡು!"

"ಕೆರೆ ಹತ್ರ ಇಡೀತಿದ್ರು, ಕೊಟ್ರು. ಜೀವ ಐತೆ ಕಣಮ್ಮ, ನೀರಿಗೆ ಬಿಟ್ರೆ ಇರ್ತವೆ. ನಾಳೆ ನಾನೇ ಕುಯ್ದು ಕೊಡ್ತೀನಿ. ಬೆಳಿಗ್ಗೆ ಬ್ಯಾಡ, ಬೆಳಿಗ್ಗೆ ಕಪಿಲೆ ಸರದಿ ನಮ್ದು. ಮಧ್ಯಾಹ್ನ."

ರತ್ನಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಆರುಮುಗಣ್ಣ?"

"ಬಸ್ ಅತ್ಸಿ ಬಂದೆ. ಮೇಸ್ತ್ರಿಗೆ ಬೇರೆ ಆಳು ನೋಡ್ಕೊ ಅಂತ ಏಳು ಅಂದೆ. ಏನು ಅಂಗೆ ನೋಡ್ತಾ ನಿಂತೆ? ಅಂಡೆ ತಾ, ನೀರು ತಾ, ಸತ್ತೋಯ್ತವೆ."

ಅವಳು ಹಳೆಯ ಹಂಡೆ ತಂದು ಹೊರಗೆ ಇಟ್ಟು ನೀರು ತುಂಬಿದಳು. ಮಕ್ಕಳು ಸುತ್ತ ಕೂತು ಬಗ್ಗಿ ನೋಡಿದರು. ಮುದುಕ, ಹುಳಿ ಮುಂದಾಗಬೇಕು, ಖಾರ ಹಿಂದಾಗಬೇಕು ಎಂದು ನಾಳೆಯ ಸಾರಿಗೆ ಇವತ್ತೇ ಹೇಳತೊಡಗಿದ. ಅತ್ತೆ, ನಲವತ್ತು ವರ್ಷ ಸಾರು ಮಾಡಿದವಳಿಗೆ ಹೇಳಿಕೊಡಲು ಬರುತ್ತೀಯಾ ಎಂದು ಅವನ ಮೇಲೆ ಬಿದ್ದಳು. ಕೊರಮೀನು ಒಮ್ಮೆ ಬಾಲ ಬಡಿದು ಎಲ್ಲರ ಮುಖಕ್ಕೂ ನೀರು ಎರಚಿತು. ರತ್ನಮ್ಮ ಹಾರಿ ಹೋಗದಂತೆ ಹಂಡೆಗೆ ಮೊರ ಮುಚ್ಚಿದಳು. ಮೊರದ ಮೇಲೆ ಗುಂಡುಕಲ್ಲು ಹೇರಿದಳು. ಮುಖ ಒರೆಸಿಕೊಂಡು ಒಳಗೆ ಹೋಗಿ, ತನಗೊಂದು ಮುದ್ದೆ ಹಾಕಿಕೊಂಡು, ಕಾಲು ಚಾಚಿ ಉಣ್ಣಲು ಕೂತಳು.